ಉಪವಾಸದ ತೊಟ್ಟಿ

ಸಾಕಿದ ಮೀನಿಗೆ ಒಂದೊಂದು ಸಲ ಮಣ್ಣಿನ ವಾಸನೆ ಹತ್ತಿಬಿಡುತ್ತದೆ. ಅದು ಬಿಡಬೇಕಾದರೆ ಮಾರುವ ಮುಂಚೆ ಏಳು ದಿನ ಬೇರೆ ತೊಟ್ಟಿಯ ತಿಳಿನೀರಿನಲ್ಲಿಟ್ಟು, ಒಂದು ಕಾಳೂ ಹಾಕದೆ ಹಸಿವಿನಲ್ಲಿ ಬಿಡಬೇಕು. ತನ್ಮಯಿ ಇದನ್ನು ಕಾಲೇಜಿನಲ್ಲಿ ಓದಿದ್ದಳು. ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ನಡುವಿನ ಈ ಮೀನಿನ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೇಲೆ ಕೈಯಾರೆ ಮಾಡುತ್ತಲೂ ಇದ್ದಳು. ಅದನ್ನು ಶಾರದ ಆಂಟಿಗೆ ವಿವರಿಸಬೇಕಾಗಿ ಬಂದ ದಿನ ಮಾತ್ರ ಅರ್ಧವನ್ನಷ್ಟೇ ಹೇಳಿದಳು.

ಶೆಡ್ಡು ಆಂಟಿಯ ಗಂಡ ಚಂದ್ರಮೌಳಿಯವರದು. ಮಿಷಿಗನ್‌ನ ವಾರೆನ್‌ನಲ್ಲಿ ಮೂವತ್ತು ವರ್ಷ ಕಾರಿನ ಇಂಜಿನ್ನಿಗೆ ನೀರು ಸುತ್ತಿಸುವ ಪಂಪು ಮಾಡಿಕೊಂಡಿದ್ದವರು, ನಿವೃತ್ತರಾದ ಮೇಲೆ ಇಲ್ಲಿಗೆ ಬಂದು ತೊಟ್ಟಿಗಳಲ್ಲಿ ನೀರು ಸುತ್ತಿಸುತ್ತ ತಿಲಾಪಿಯಾ ಮೀನು ಸಾಕತೊಡಗಿದ್ದರು. "ಮಡಿ ಜನ, ಮೀನು ಸಾಕ್ತೀರಲ್ಲ ಸ್ವಾಮಿ?" ಎಂದು ಡೆವನ್ ಅವೆನ್ಯೂನ ನಮ್ಮವರ ದಿನಸಿ ಅಂಗಡಿಯಲ್ಲಿ ಯಾರಾದರೂ ಕೆಣಕಿದರೆ, "ಮೂವತ್ತು ವರ್ಷ ಕಾರು ಮಾಡ್ದೆ. ಒಂದಾದ್ರೂ ತಿಂದ್ನೇನ್ರಿ?" ಎಂದು ನಗುತ್ತಿದ್ದರು.

ಆ ನಗು ಮಾರ್ಚಿನವರೆಗೆ ಇತ್ತು. ಮಾರ್ಚಿನಲ್ಲಿ ಒಬ್ಬನೇ ಮಗ ಸುಶ್ರುತ ಆಪರೇಷನ್ನಿಗೆಂದು ಒಳಗೆ ಹೋದವನು ಕಣ್ಣು ತೆರೆಯಲಿಲ್ಲ. ಆಮೇಲೆ ಆಂಟಿಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ಅವರು ದಿನಾ ಜೊತೆಗೆ ಕರೆತರುತ್ತಿದ್ದರು. ತನ್ಮಯಿ ಬರುವ ಮುಂಚೆ, ನೋಡಿಕೊಳ್ಳುವವರಿಲ್ಲದೆ, ಎರಡು ಸಲದ ಮೀನು ಮಣ್ಣು ವಾಸನೆಯೆಂದು ವಾಪಸು ಬಂದಿತ್ತು. "ಈ ಸಲವೂ ಕೆಟ್ರೆ ಬಾಗ್ಲು ಹಾಕೋದೇ ಕಣಮ್ಮ," ಎಂದಿದ್ದರು ತನ್ಮಯಿಗೆ.

ಆಂಟಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದು ಮೂಲೆಯ ತೊಟ್ಟಿಯ ಪಕ್ಕ.

"ಎಲ್ಲಕ್ಕೂ ಹಾಕ್ದೆ, ಇವಕ್ಕೆ ಯಾಕಮ್ಮ ಹಾಕ್ಲಿಲ್ಲ?"

"ಇವು ಉಪವಾಸ, ಆಂಟಿ. ಏಳು ದಿನ ಅಷ್ಟೆ."

"ಆಮೇಲೆ ಹಾಕ್ತೀಯಾ?"

ತನ್ಮಯಿ ಕೈಯಲ್ಲಿದ್ದ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಆಂಟಿಗೆ ಅಷ್ಟರಲ್ಲೇ ಅರ್ಥವಾಯಿತು. "ಆಪರೇಷನ್ ದಿನ ಬೆಳಗ್ಗೆ ಸುಶಿ ಮೊಸರನ್ನ ಕೇಳ್ದ. ಏನೂ ಕೊಡಬಾರ್ದು ಅಂದಿದ್ರಲ್ಲ. ಎದ್ದ ಮೇಲೆ ತಿನ್ನೋವಂತೆ ಕಂದ ಅಂದೆ. ಡಬ್ಬಿ ನನ್ನ ಬ್ಯಾಗಲ್ಲೇ ಇತ್ತು," ಎಂದರು.

ತನ್ಮಯಿ ಥರ್ಮಾಮೀಟರ್ ನೋಡುವ ನೆಪದಲ್ಲಿ ಆಚೆ ಹೋದಳು.

ಗುರುವಾರ, ಉಪವಾಸದ ಐದನೆಯ ದಿನ, ಮನೆಗೆ ಹೊರಡುವ ಹೊತ್ತಿಗೆ ಆಂಟಿಯ ಶಾಲಿನ ಮೇಲೆ ನಾಲ್ಕು ಕಡ್ಲೆಪುರಿ ಅಂಟಿಕೊಂಡಿದ್ದವು. ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. "ಸುಶಿ ಚಿಕ್ಕೋನಿದ್ದಾಗ ಊರಿಗೆ ಹೋದಾಗೆಲ್ಲ ರಾಮನಾಥಪುರದ ಹೊಳೆ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕ್ತಿದ್ದ," ಎಂದು ಆಂಟಿ ನಕ್ಕರು. "ಮುಷ್ಟಿ ಬಿಚ್ಚೋಕೆ ಮುಂಚೆನೇ ಬಾಯಿ ತೆಗ್ಯವು, ಕಳ್ಳವು."

ಆ ಮುಖದಲ್ಲಿ ನಗುವನ್ನು ತನ್ಮಯಿ ಕಂಡದ್ದು ಅದೇ ಮೊದಲು. ಹಾಕಬೇಡಿ ಎಂದು ಹೇಳಲೇಬೇಕಿತ್ತು. ಓದುವಾಗ ಮಿಷಿಗನ್‌ನ ಜಿಂಕೆ ಫಾರ್ಮೊಂದರಲ್ಲಿ ಮೂರು ತಿಂಗಳು ಕೆಲಸ ಕಲಿತಿದ್ದಳು. ಗಂಡುಮರಿಯನ್ನು ಮುದ್ದಿನಿಂದ ಬಾಟಲಿ ಹಾಲು ಕುಡಿಸಿ ಸಾಕಬೇಡ, ಮನುಷ್ಯರ ಭಯ ಹೋಗಿ ದೊಡ್ಡದಾದ ಮೇಲೆ ಸಾಕಿದವರಿಗೇ ಕೊಂಬು ತಿರುಗಿಸುತ್ತದೆ, ಕೊನೆಗೆ ಗುಂಡು ಹೊಡೆಯಬೇಕಾಗುತ್ತದೆ ಎಂದು ಅಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಮುದ್ದೇ ಕೊನೆಗೆ ಕೊಲ್ಲುತ್ತದೆಂದು ಗೊತ್ತಿದ್ದವಳು ತೇಲುತ್ತಿದ್ದ ಒಂದಿಷ್ಟು ಪುರಿಯನ್ನು ಕೈಬಲೆಯಲ್ಲಿ ಎತ್ತಿ ಹಾಕಿ, "ಬರ್ತೀನಿ ಆಂಟಿ," ಎಂದು ಹೊರಟುಬಿಟ್ಟಳು. ಡಬ್ಬಿ ಪೂರ್ತಿ ಖಾಲಿಯಾಗಿತ್ತೆಂಬುದನ್ನು ನೋಡಲಿಲ್ಲ.

ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆದಾಗ ಪಂಪು ಬೇರೆಯೇ ಸದ್ದು ಮಾಡುತ್ತಿತ್ತು. ಮೂಲೆಯ ತೊಟ್ಟಿಯಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಎಳೆಯುವ ಕೊಳವೆಯ ಜಾಲರಿಗೆ ನೆಂದ ಪುರಿ ಅಂಟಿನಂತೆ ಮೆತ್ತಿ, ನೀರಿನ ಸುತ್ತು ನಿಂತು, ಉಸಿರಿಗೆ ಗಾಳಿ ಸಾಲದೆ ಸತ್ತಿದ್ದವು.

ಚಂದ್ರಮೌಳಿಯವರು ಬಂದು ನೋಡಿದರು. ಒಂದು ಮೀನನ್ನು ಮೇಜಿನ ಮೇಲಿಟ್ಟು ಹೊಟ್ಟೆ ಸೀಳಿದರು. ಒಳಗೆ ಬಿಳಿಯ ಮುದ್ದೆ. ಬೆರಳಿನಿಂದ ಹರಡಿದರು. ಆ ಪುರಿ ಭಾನುವಾರ ಡೆವನ್ ಅವೆನ್ಯೂನಿಂದ ತಂದವರು ಅವರೇ.

"ಅಂಕಲ್, ನಿನ್ನೆ ನಾನು ನೋಡ್ದೆ. ಹೇಳ್ಬೇಕಿತ್ತು..."

"ಸುಮ್ನಿರಮ್ಮ."

ಕಾರಿನಿಂದ ಇಳಿದು ಬಂದ ಆಂಟಿ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಇವತ್ತಿನ ಡಬ್ಬಿ. "ಏನ್ರೀ ಇದು? ನಾನು ಹಾಕಿದ್ದಕ್ಕಾ?"

ಚಂದ್ರಮೌಳಿಯವರು ಕೈ ತೊಳೆದು ಒರೆಸಿಕೊಂಡು ಹೋಗಿ ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಹಸ್ಕೊಂಡು ಹೋಗ್ಲಿಲ್ಲ ಕಣೇ ಶಾರದ. ಹೊಟ್ಟೆ ತುಂಬಿತ್ತು. ನಾನೇ ನೋಡ್ದೆ."

ಆಂಟಿ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತರು. ಬಂದ ಅಳು ಮಾರ್ಚಿನಿಂದ ಒಳಗೇ ಇದ್ದದ್ದು. ಚಂದ್ರಮೌಳಿಯವರು ಮಂಡಿ ನೋವಿನಿಂದ ನಿಧಾನಕ್ಕೆ ಪಕ್ಕದಲ್ಲಿ ಕೂತು, ಆಂಟಿಯ ಅಳು ಇಳಿದ ಮೇಲೆ ತಲೆ ಎತ್ತಿದರು.

"ತನ್ಮಯಿ, ಇನ್ನು ಆ ತೊಟ್ಟಿಗೆ ಯಾವ ಮೀನನ್ನೂ ಹಾಕ್ಬೇಡ."

"ಆಯ್ತು ಅಂಕಲ್," ಎಂದು ತನ್ಮಯಿ ಸತ್ತವನ್ನು ಎತ್ತಲು ಬಲೆ ತೆಗೆದುಕೊಂಡಳು. ಉಪವಾಸವಿಲ್ಲದ ಮೀನನ್ನು ಯಾರೂ ಕೊಳ್ಳುವುದಿಲ್ಲ, ಇನ್ನು ಬಾಗಿಲು ಹಾಕುವುದೇ ಎಂಬುದು ಅವಳಿಗೂ ಗೊತ್ತಿತ್ತು, ಅವರಿಗೂ.