ಮಿಸ್ ಒಡೆಲ್ಲಾ ಕೋರ್ಟಿಗೆ ಬರಲಿಲ್ಲ

ಸೇಂಟ್ ಲೂಯಿಸ್‌ನಿಂದ ಉತ್ತರಕ್ಕೆ ಬಸ್ಸು ಹತ್ತಿದರೆ ಇಪ್ಪತ್ತು ನಿಮಿಷದಲ್ಲಿ ಆರು ಊರು ದಾಟುತ್ತೀರಿ. ಅದರಲ್ಲಿ ನಾಲ್ಕನೆಯದು ನಮ್ಮ ಲಾರ್ಕ್‌ಮಾಂಟ್. ಒಂಬತ್ತು ಬೀದಿ, ಎಂಟುನೂರು ಜನ, ಒಂದು ಪೆಟ್ರೋಲ್ ಬಂಕು, ಜಡೆ ಹೆಣೆಯುವ ಅಂಗಡಿ ಒಂದು, ಮುಚ್ಚಿ ಹಾಳುಬಿದ್ದ ಲಾಂಡ್ರಿ ಒಂದು. ಇಷ್ಟಕ್ಕೆ ಒಬ್ಬ ಮೇಯರ್, ಹನ್ನೊಂದು ಪೊಲೀಸರು, ಮೇಲೊಂದು ಕೋರ್ಟು. ಆ ಕೋರ್ಟಿನ ಗುಮಾಸ್ತೆ ನಾನು, ವರ್ನೆಟ್ಟಾ ಸ್ಟೈಲ್ಸ್. ಹದಿನೇಳು ವರ್ಷದಿಂದ ಗಾಜಿನ ಕಿಟಕಿಯ ಹಿಂದೆ ಕೂತು ಜನರ ಕೈಯಿಂದ ದಂಡ ತೆಗೆದುಕೊಳ್ಳುವುದೇ ನನ್ನ ಉದ್ಯೋಗ.

ಎಂಟುನೂರು ಜನರಿಗೆ ಹನ್ನೊಂದು ಪೊಲೀಸರು ಯಾಕೆ ಎಂದು ನೀವು ಕೇಳಬೇಕು. ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಪೊಲೀಸರಿಗೆ ಸಂಬಳ ಕೊಡಲು ದಂಡ ಬೇಕು, ದಂಡ ಹಾಕಲು ಪೊಲೀಸರು ಬೇಕು, ಇಷ್ಟೇ ವಿಷಯ. ಮೇಯರ್ ರಾಸ್ಕೋ ಹೇನ್ಸ್ ಇದನ್ನು ಮುಚ್ಚಿಡುವವನಲ್ಲ. ಇಲ್ಲಿ ದೊಡ್ಡ ಅಂಗಡಿಯಿಲ್ಲ, ಕಾರ್ಖಾನೆಯಿಲ್ಲ, ಯಾವುದಕ್ಕೆ ತೆರಿಗೆ ಹಾಕಲಿ ಎಂದು ಎದುರಿಗೇ ಕೇಳುತ್ತಾನೆ. ಅವನೂ ನಮ್ಮವನೇ, ನಮ್ಮ ಬೀದಿಯಲ್ಲೇ ಬೆಳೆದವನು. ಹಿಮ ಬಿದ್ದ ಬೆಳಿಗ್ಗೆ ವಿಧವೆಯರ ಮನೆ ಮುಂದೆ ತಾನೇ ಸಲಿಕೆ ಹಿಡಿದು ದಾರಿ ಬಿಡಿಸುತ್ತಾನೆ. ಕೆಟ್ಟವನಾಗಿದ್ದರೆ ಬೈದುಕೊಂಡು ಹಾಯಾಗಿರಬಹುದಿತ್ತು.

ನಮ್ಮ ಕಡೆಯ ಈ ಸಣ್ಣ ಊರುಗಳಲ್ಲೆಲ್ಲ ಒಂದು ನಂಬಿಕೆಯಿದೆ. ದಂಡದ ಪೂರ್ತಿ ದುಡ್ಡು ಕೈಯಲ್ಲಿಲ್ಲದೆ ಕೋರ್ಟಿಗೆ ಹೋದರೆ ಅಲ್ಲೇ ಕೈಗೆ ಬೇಡಿ ಹಾಕಿ ಒಳಗೆ ತಳ್ಳುತ್ತಾರೆ ಎಂದು. ನಿಜವಾಗಿ ನಡೆಯುವುದು ತಿರುಗಾಮುರುಗಾ. ಬರಿಗೈಯಲ್ಲಿ ಬಂದು ನಿಂತವರಿಗೆ ಜಡ್ಜು ಕಂತು ಮಾಡಿಕೊಡುತ್ತಾನೆ, ಅವರು ಮನೆಗೆ ಹೋಗುತ್ತಾರೆ. ಬಾರದವರ ಹೆಸರಿಗೆ ವಾರಂಟ್ ಹೊರಡುತ್ತದೆ, ವಾರಂಟಿಗೆ ಬೇರೆ ದಂಡ ಬೀಳುತ್ತದೆ, ಲೈಸೆನ್ಸ್ ಅಮಾನತಾಗುತ್ತದೆ. ಆದರೆ ಹಿಂದಿನ ಸಲ ತಪ್ಪಿಸಿಕೊಂಡವನು ಯಾವನೋ ಬಂದಾಗ ಅವನ ಹಳೆಯ ವಾರಂಟಿಗೆ ಅಲ್ಲೇ ಬೇಡಿ ಬೀಳುವುದನ್ನು ಜನ ನೋಡುತ್ತಾರೆ. ದುಡ್ಡಿರಲಿಲ್ಲ, ಒಳಗೆ ಹಾಕಿದರು ಎಂದು ಊರಿಗೆಲ್ಲ ಹೇಳುತ್ತಾರೆ. ಹೀಗೆ ಜೈಲಿಗೆ ಹೆದರಿ ಮನೆಯಲ್ಲಿ ಕೂರುತ್ತಾರೆ, ಕೂತಿದ್ದಕ್ಕೇ ಜೈಲು ಸೇರುತ್ತಾರೆ.

ಈ ಭಯವನ್ನು ನಾವು ಹುಟ್ಟಿಸಲಿಲ್ಲ. ಹಾಗಂತ ಓಡಿಸಲೂ ಇಲ್ಲ. ಕೋರ್ಟಿನ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದೆ: 'ದಂಡ ತುಂಬುವವರು ನಗದು ಅಥವಾ ಮನಿ ಆರ್ಡರ್ ತರತಕ್ಕದ್ದು.' ತರದಿದ್ದರೂ ಬನ್ನಿ, ಮಾತಾಡೋಣ ಎಂದು ಅದರ ಕೆಳಗೆ ಒಂದು ಸಾಲು ಸೇರಿಸಿದರೆ ಮುಗಿಯುತ್ತಿತ್ತು. ಆ ಕಾಗದ ಟೈಪು ಮಾಡಿದವಳು ನಾನೇ. ಕೆಲಸಕ್ಕೆ ಸೇರಿದ ಮೊದಲ ವಾರ ಆ ಸಾಲು ಸೇರಿಸಿಯೂ ಇದ್ದೆ. ಆಗಿನ ಮೇಯರ್ ಕನ್ನಡಕ ಏರಿಸಿ ಓದಿ, ಇದು ಕಾನೂನು ಸಲಹೆಯಾಗುತ್ತದೆ, ಗುಮಾಸ್ತರು ಸಲಹೆ ಕೊಡುವ ಹಾಗಿಲ್ಲ ಎಂದು ಹೊಡೆದುಹಾಕಿದ. ಅವನ ನಂತರ ಮೂವರು ಮೇಯರುಗಳು ಬಂದರು. ನಿಯಮ ಮಾತ್ರ ಹಾಗೇ ಉಳಿಯಿತು.

ಇನ್ನು ಮಿಸ್ ಒಡೆಲ್ಲಾ ಪ್ರೂಯಿಟ್. ನಮ್ಮ ಚರ್ಚಿನ ಹಿರಿಯಳು, ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಿಂತೇ ದುಡಿದು ಎರಡೂ ಮಂಡಿ ಸವೆಸಿಕೊಂಡವಳು. ಭಾನುವಾರ ಚರ್ಚಿನ ವ್ಯಾನು ಓಡಿಸಿ ಮುದುಕಿಯರನ್ನು ಕರೆತರುವುದೂ ಅವಳೇ. ಆ ವ್ಯಾನಿನ ವೇಗ ನಮಗೆಲ್ಲ ತಮಾಷೆಯ ವಿಷಯ. ಒಡೆಲ್ಲಾಳ ವ್ಯಾನು ಹತ್ತಿದರೆ ಈಸ್ಟರ್‌ಗೆ ಹೊರಟವರು ಕ್ರಿಸ್‌ಮಸ್‌ಗೆ ತಲುಪುತ್ತಾರೆ ಎಂದು ಪಾದ್ರಿಯೇ ವೇದಿಕೆಯ ಮೇಲಿಂದ ಛೇಡಿಸಿದ್ದುಂಟು. ಪ್ರತಿ ಸ್ಟಾಪ್ ಬೋರ್ಡಿನ ಹತ್ತಿರವೂ ನಿಲ್ಲಿಸಿ, ಬಾಯಿಬಿಟ್ಟು ಮೂರರವರೆಗೆ ಎಣಿಸಿ ಆಮೇಲೆ ಹೊರಡುವವಳು ಅವಳು.

ಅಂಥವಳಿಗೆ, ಹಾಳು ಲಾಂಡ್ರಿಯ ಹಿಂದೆ ಗಾಡಿ ಅಡಗಿಸಿ ಕಾಯುತ್ತಿದ್ದ ನಮ್ಮ ಪೊಲೀಸನೊಬ್ಬ ದಂಡದ ಚೀಟಿ ಕೊಟ್ಟ. ಸ್ಟಾಪ್ ಬೋರ್ಡಿನ ಬಳಿ ಚಕ್ರ ಪೂರ್ತಿ ನಿಲ್ಲಲಿಲ್ಲವಂತೆ. ಹಿಂದೆ ಕೂತಿದ್ದ ಮೂವರು ಮುದುಕಿಯರು ನಿಂತಿತ್ತಪ್ಪ, ನಾವೇ ಜೊತೆಗೆ ಎಣಿಸಿದೆವು ಎಂದು ಜಗಳವಾಡಿದರಂತೆ. ಅವನು ಚೀಟಿ ಹರಿದು ಕೈಗಿತ್ತು ಹೋದ.

ಬೇರೆ ಕಾಲದಲ್ಲಾಗಿದ್ದರೆ ಅವಳು ಅದನ್ನು ನಗುತ್ತ ಹೇಳಿಕೊಂಡು ತಿರುಗುತ್ತಿದ್ದಳು. ಆದರೆ ಆ ಸೆಪ್ಟೆಂಬರಿನಲ್ಲಿ ಅವಳಿಗೆ ಶಾಲಾ ಬಸ್ಸು ಓಡಿಸುವ ಕೆಲಸ ಹೆಚ್ಚುಕಡಿಮೆ ಸಿಕ್ಕೇಬಿಟ್ಟಿತ್ತು. ಸಂದರ್ಶನ ಮುಗಿದಿತ್ತು, ಬರೆಯುವ ಪರೀಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಟೋಬರಿನಲ್ಲಿ ಬಸ್ಸು ಓಡಿಸಿ ತೋರಿಸುವುದೊಂದೇ ಬಾಕಿ. ಅದು ಕೂತು ಮಾಡುವ ಕೆಲಸ. ವಿಮೆಯೂ ಇತ್ತು. ವಿಮೆ ಬಂದರೆ ಮಂಡಿಯ ಆಪರೇಷನ್ ಆಗುತ್ತದೆ, ಆಮೇಲೆ ಮೆಟ್ಟಿಲು ಹತ್ತಿ ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಲ್ಲುತ್ತೇನೆ ಎಂದು ಎಲ್ಲರಿಗೂ ಹೇಳಿದ್ದಳು. ಅದಕ್ಕೆಲ್ಲ ಬೇಕಾಗಿದ್ದು ಕಲೆಯಿಲ್ಲದ ಒಂದು ಲೈಸೆನ್ಸ್.

ಕೋರ್ಟಿಗೆ ಮೂರು ದಿನ ಮುಂಚೆ, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ನಾನೂ ಅವಳೂ ಚರ್ಚಿನ ಅಡುಗೆಮನೆಯಲ್ಲಿ ಇಬ್ಬರೇ ಇದ್ದೆವು. ಅವಳು ಸ್ಟೂಲಿನ ಮೇಲೆ ಕಾಲು ಚಾಚಿ ಸೊಪ್ಪಿನ ಪಲ್ಯ ತಟ್ಟೆಗಳಿಗೆ ಬಡಿಸುತ್ತಿದ್ದಳು, ನಾನು ಕೋಳಿಯ ತುಂಡು ಇಡುತ್ತಿದ್ದೆ. ಚೀಟಿಯ ದಂಡ ನೂರೈವತ್ತು ಡಾಲರು. ಅವಳಿಗೆ ಸಂಬಳವಾಗುವುದು ಶುಕ್ರವಾರ, ಕೋರ್ಟು ಬುಧವಾರ.

"ವರ್ನೆಟ್ಟಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ ಮಗಳೇ. ಬುಧವಾರ ನಾನು ಬರಿಗೈಲಿ ಬಂದ್ರೆ ಒಳಗ್ ಹಾಕ್ತಾರಾ?"

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಇಲ್ಲ, ಬನ್ನಿ. ಎರಡೇ ಮಾತು. ಹೇಳಲು ಉಸಿರೂ ಬೇಕಾಗಿರಲಿಲ್ಲ.

ಆದರೆ ಅದರ ಹಿಂದಿನ ವಾರವೇ ರಾಸ್ಕೋ ನಮ್ಮಿಬ್ಬರು ಗುಮಾಸ್ತೆಯರನ್ನು ಕೂರಿಸಿಕೊಂಡು, ಈ ವರ್ಷ ದಂಡ ಕಡಿಮೆ ಬಂದಿದೆ, ಹೀಗೇ ಆದರೆ ಹೊಸ ವರ್ಷಕ್ಕೆ ನಿಮ್ಮಲ್ಲಿ ಒಬ್ಬರನ್ನು ಬಿಡಬೇಕಾಗುತ್ತದೆ ಎಂದಿದ್ದ. ಕಿಟಕಿಯಲ್ಲಿ ಯಾರೋ ಜನರಿಗೆ ಏನೇನೋ ಹೇಳಿಕೊಡುತ್ತಿದ್ದಾರೆ ಎಂದು ಸುದ್ದಿ ಬಂದಿದೆ, ನಾನು ನಂಬುವುದಿಲ್ಲ ಎಂದೂ ಸೇರಿಸಿದ್ದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನಗೆ ಪಿಂಚಣಿಗೆ ಇನ್ನು ಮೂರು ವರ್ಷವಿತ್ತು. ಚರ್ಚಿನಲ್ಲಿ ಆಡಿದ ಮಾತು ಊಟ ಮುಗಿಯುವುದರೊಳಗೆ ಊರಿನ ಮಾತಾಗುತ್ತದೆ ಎಂಬುದು ನನಗೆ ಗೊತ್ತು. ಇವು ಕಾರಣಗಳು. ನೆಪಗಳು ಎಂದರೂ ನಾನು ಜಗಳಕ್ಕೆ ಬರುವುದಿಲ್ಲ.

"ನಾನೇನೂ ಹೇಳೋ ಹಾಗಿಲ್ಲ, ಮಿಸ್ ಒಡೆಲ್ಲಾ. ಹೇಳಿದ್ರೆ ನನ್ ಕೆಲಸ ಹೋಗತ್ತೆ."

ಅವಳು ಚಮಚ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಚಿಕ್ಕವಳಿದ್ದಾಗ ಈಸ್ಟರ್‌ನ ಪದ್ಯ ಒಪ್ಪಿಸುತ್ತ ಮರೆತರೆ, ಅವಳು ಮುಂದಿನ ಸಾಲಲ್ಲಿ ಕೂತು ಹೀಗೇ ನೋಡುತ್ತಿದ್ದಳು. ಆಯ್ತು ಬಿಡು ಎಂದಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದಿಷ್ಟು ಪಲ್ಯ ಹಾಕಿದಳು.

ಬುಧವಾರ ಸಂಜೆ ಆರಕ್ಕೆ ಕೋರ್ಟು ಸೇರಿತು. ನಮ್ಮ ಜಡ್ಜು ಕಿಟ್ರೆಲ್ ಬುಧವಾರ ಮಾತ್ರ ಜಡ್ಜು. ಗುರುವಾರ ಪಕ್ಕದ ಊರಲ್ಲಿ ಸರ್ಕಾರಿ ವಕೀಲ. ಉಳಿದ ದಿನ ದುಡ್ಡಿದ್ದವರ ಚೀಟಿಗಳನ್ನು ಮಾಯ ಮಾಡಿಕೊಡುವ ಖಾಸಗಿ ವಕೀಲ. ಅವತ್ತು ಅವನು ಒಳ್ಳೆಯ ಮೂಡಿನಲ್ಲಿದ್ದ. ಬರಿಗೈಯಲ್ಲಿ ಬಂದ ಐದು ಜನರಿಗೂ ಕಂತು ಕೊಟ್ಟ. ಬಣ್ಣ ಬಳಿಯುವ ಕೆಲಸದ ಒಬ್ಬ ತಿಂಗಳಿಗೆ ಇಪ್ಪತ್ತು ಡಾಲರಿಗಿಂತ ಹೆಚ್ಚು ಆಗುವುದಿಲ್ಲ ಎಂದಾಗ, ಆಗಲಿ ಮಾರಾಯ, ಇಪ್ಪತ್ತೇ ಕೊಡು ಎಂದು ನಕ್ಕ. ಅವನು ನಂಬಲಾರದೆ ಬಾಗಿಲ ತನಕ ಹಿಂದೆ ತಿರುಗಿ ನೋಡುತ್ತಲೇ ಹೋದ.

ಒಡೆಲ್ಲಾ ಪ್ರೂಯಿಟ್ ಎಂದು ಮೂರು ಸಲ ಕೂಗಿದರು. ಪ್ರತಿ ಸಲವೂ ನಾನು ಬಾಗಿಲು ನೋಡಿದೆ. ಆ ಮಂಡಿ ಎಳೆದುಕೊಂಡು ಅವಳು ಬಂದುಬಿಡಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಭಾನುವಾರ ಬಾಯಿ ಮುಚ್ಚಿಕೊಂಡವಳು ಬುಧವಾರ ದೇವರ ಮೇಲೆ ಭಾರ ಹಾಕಿ ಕೂತಿದ್ದೆ. ಗೈರುಹಾಜರು ಎಂದ ಕಿಟ್ರೆಲ್. ವಾರಂಟಿನ ಕಾಗದದಲ್ಲಿ ಅವಳ ಹೆಸರು ಟೈಪು ಮಾಡಿದೆ. ಹೆಸರಿನ ಕೊನೆಯ ಅಕ್ಷರ ತಪ್ಪಾಯಿತು, ಅಳಿಸಿ ಮತ್ತೆ ಸರಿಯಾಗಿ ಹೊಡೆದೆ.

ಶುಕ್ರವಾರ ಸಂಬಳ ಬಂತು, ಅದೇ ದಿನ ಅವಳ ಮನೆಯ ಬಿಸಿನೀರಿನ ಡ್ರಮ್ಮು ಒಡೆಯಿತು. ಪೂರ್ತಿ ದುಡ್ಡು ಕೂಡಿಸಿಕೊಂಡು ಮುಂದಿನ ತಿಂಗಳು ತಲೆಯೆತ್ತಿ ಕೋರ್ಟಿಗೆ ಹೋಗುತ್ತೇನೆ ಎಂದು ಅವಳು ಅಂದುಕೊಂಡಿದ್ದಳಂತೆ. ಎಲ್ಲರೂ ಅಂದುಕೊಳ್ಳುವುದು ಹೀಗೆಯೇ.

ಅಕ್ಟೋಬರಿನ ಎರಡನೇ ಗುರುವಾರ, ಬಸ್ಸಿನ ಪರೀಕ್ಷೆಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತನ್ನ ಕಾರಿನಲ್ಲಿ ಹೊರಟಳು. ಪಕ್ಕದ ಊರಿನ ಪೊಲೀಸ ಸುಮ್ಮನೆ ಅವಳ ಕಾರಿನ ನಂಬರನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ನಮ್ಮ ವಾರಂಟ್ ಸಿಕ್ಕಿತು, ಲೈಸೆನ್ಸ್ ಅಮಾನತು ಎಂದೂ ಕಂಡಿತು. ರಸ್ತೆ ಬದಿಯಲ್ಲಿ ಬೇಡಿ ಹಾಕಿ ಕರೆದೊಯ್ದರು. ಒಂದು ರಾತ್ರಿ ಅವರ ಲಾಕಪ್ಪಿನಲ್ಲಿ, ಎರಡು ರಾತ್ರಿ ನಮ್ಮಲ್ಲಿ. ಬಸ್ಸಿನವರು ಒಂದು ತಾಸು ಕಾದು, ಮುಂದಿನ ಹೆಸರು ಕರೆದರಂತೆ. ಅಮಾನತಾದ ಲೈಸೆನ್ಸಿನವರ ಅರ್ಜಿ ಐದು ವರ್ಷ ನೋಡುವುದಿಲ್ಲ ಎಂದು ಆಮೇಲೆ ಕಾಗದ ಬಂತು. ಐದು ವರ್ಷಕ್ಕೆ ಅವಳಿಗೆ ಅರವತ್ತೆರಡಾಗುತ್ತದೆ.

ಅವಳು ನಮ್ಮ ಲಾಕಪ್ಪಿನಲ್ಲಿದ್ದ ಶುಕ್ರವಾರ ನಾನು ಕೆಲಸದಲ್ಲೇ ಇದ್ದೆ. ಗೋಡೆಯ ಆಚೆಗೇ ಅವಳಿದ್ದಳು. ಮಧ್ಯಾಹ್ನ ಅವಳಿಗೆ ಸ್ಯಾಂಡ್‌ವಿಚ್ ಕಳಿಸಿದೆ, ನನ್ನದೆಂದು ಹೇಳಬೇಡ ಎಂದು ಪೊಲೀಸನಿಗೆ ತಾಕೀತು ಮಾಡಿದೆ. ಇಷ್ಟು ನನ್ನ ಧೈರ್ಯ.

ನವೆಂಬರ್ ಕೊನೆಗೆ ರಾಸ್ಕೋ ಆಫೀಸಿಗೆ ಕೇಕು ತಂದ. ವಾರಂಟಿನ ದಂಡದಿಂದ ಕೊರತೆ ತುಂಬಿಹೋಗಿತ್ತು, ಯಾರನ್ನೂ ಬಿಡುವ ಅಗತ್ಯವಿರಲಿಲ್ಲ. ನನ್ನ ಭುಜ ತಟ್ಟಿ, ಈ ಊರು ನಿಂತಿರುವುದೇ ನಿಮ್ಮಂಥವರಿಂದ ವರ್ನೆಟ್ಟಾ ಎಂದ. ಅವನು ಸುಳ್ಳು ಹೇಳಲಿಲ್ಲ. ಕೇಕು ಚೆನ್ನಾಗಿತ್ತು, ಎರಡು ತುಂಡು ತಿಂದೆ.

ಅದಾದ ಮುಂದಿನ ಸೋಮವಾರ ಮಿಸ್ ಒಡೆಲ್ಲಾ ನನ್ನ ಕಿಟಕಿಗೆ ಬಂದಳು. ಚರ್ಚಿನಲ್ಲಿ ಬುಟ್ಟಿ ತಿರುಗಿಸಿ ಎತ್ತಿದ ದುಡ್ಡನ್ನು ಕವರಿನಲ್ಲಿ ಹಾಕಿ ತಂದಿದ್ದಳು. ಬಸ್ಸಿನಲ್ಲಿ ಬಂದು, ಸ್ಟಾಪಿನಿಂದ ಕೋಲೂರಿ ನಡೆದು ಬಂದಿದ್ದಳು. ಒಳಗೆ ಬೇರೆ ಯಾರೂ ಇರಲಿಲ್ಲ. ನಾನು ರಸೀದಿ ಹರಿಯುವಾಗ ಅವಳು ಗಾಜಿನ ಕೆಳಗಿನ ಸಂದಿಗೆ ಬಾಯಿ ತಂದು ಮೆಲ್ಲಗೆ ಮಾತಾಡಿದಳು.

"ನಿಂಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು ಮಗಳೇ, ಚರ್ಚಲ್ಲಿ ಎಲ್ಲರ ಮುಂದೆ ಬೇಡ ಅಂತ ಸುಮ್ನಿದ್ದೆ."

ಯಾವುದಕ್ಕೆ ಎಂದು ಕೇಳಿದೆ.

"ಅವತ್ತು ಅಡುಗೆಮನೇಲಿ. ಒಳಗ್ ಹಾಕಲ್ಲ ಅನ್ನೋದಾಗಿದ್ರೆ ಬನ್ನಿ ಅಂತ ನೀನು ಹೇಳೇ ಹೇಳ್ತಿದ್ದೆ, ನಂಗೊತ್ತಿಲ್ವಾ ನೀನು? ನಿನ್ ಬಾಯಿ ಕಟ್ಟಿದಾರೆ. ಅದಕ್ಕೇ ಮುಖದಲ್ಲಿ ಹೇಳ್ದೆ, ಬರಬೇಡಿ ಅಂತ. ಕೊನೆಗೂ ಹಿಡಿದ್ರು ಬಿಡು, ಮೂರು ರಾತ್ರಿಗೆ ಮುಗೀತು. ಅವತ್ತು ಬರಿಗೈಲಿ ಆ ಜಡ್ಜ್ ಮುಂದೆ ನಿಂತಿದ್ರೆ ಎಷ್ಟು ದಿನ ಕೊಳೆಸ್ತಿದ್ರೋ."

ಈಗಲಾದರೂ ಹೇಳಬಹುದಿತ್ತು. ರಾಸ್ಕೋ ಊರಲ್ಲಿರಲಿಲ್ಲ, ನನ್ನ ಜೊತೆಯವಳು ಊಟಕ್ಕೆ ಹೋಗಿದ್ದಳು. ಆದರೆ ಹೇಳಿದರೆ ಅವಳ ಮಂಡಿಯ ಲೆಕ್ಕ ನನ್ನ ತಲೆಗೆ ಬರುತ್ತಿತ್ತು. ಕೆಲಸದ ಭಯವೆಲ್ಲ ಬರಿಯ ನೆಪ ಎಂದು ಆಗ ಗೊತ್ತಾಯಿತು. ಅವಳ ಮುಂದೆ ಒಳ್ಳೆಯವಳಾಗಿ ಉಳಿಯಬೇಕಿತ್ತು ನನಗೆ. ರಸೀದಿಯನ್ನು ಸಂದಿಯಿಂದ ತಳ್ಳಿ, ಹುಷಾರಾಗಿ ಹೋಗಿ ಮಿಸ್ ಒಡೆಲ್ಲಾ ಎಂದೆ.

ಅವಳು ಗಾಜಿನ ಮೇಲೆ ಅಂಗೈಯಿಟ್ಟು ಆಶೀರ್ವಾದ ಮಾಡಿದ ಹಾಗೆ ತಟ್ಟಿದಳು. ಚರ್ಚಿನ ಹೆಂಗಸರಿಗೂ ಗುಟ್ಟಾಗಿ ಹೇಳಿದ್ದೇನೆ ಎಂದಳು. ಚೀಟಿ ಬಂದರೆ ಮೊದಲು ವರ್ನೆಟ್ಟಾಳನ್ನು ಕೇಳಿ, ಅವಳು ಏನೂ ಹೇಳದಿದ್ದರೆ ಕೋರ್ಟಿನ ಕಡೆ ತಲೆ ಹಾಕಬೇಡಿ ಎಂದು.

ಆಮೇಲಿನ ಭಾನುವಾರ ನಾಲ್ಕು ಜನ ಬಂದು ಕೇಳಿದರು. ಹೇಳುವ ಹಾಗಿಲ್ಲ ಎಂದೆ. ಒಬ್ಬೊಬ್ಬಳೂ ನನ್ನ ಮುಖ ನೋಡಿ, ಅರ್ಥವಾಯಿತೆಂದು ತಲೆಯಾಡಿಸಿ, ಕೈ ಒತ್ತಿ ಹೋದಳು. ಬುಧವಾರ ಅವರ ಹೆಸರುಗಳನ್ನು ಮೂರು ಮೂರು ಸಲ ಕೂಗಿದರು. ನಾಲ್ಕು ವಾರಂಟುಗಳನ್ನೂ ಒಂದೂ ತಪ್ಪಿಲ್ಲದೆ ಟೈಪು ಮಾಡಿದೆ.