ಮಂಚಯ್ಯನಿಗೆ ಕೊಟ್ಟ ಪಾವಲಿ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಹೇಳದೆ ಈ ಕಥೆ ಹೇಳುವುದು ಹೇಗೆ? ಅವನ ಹೆಸರು ಮಾದೇವ. ಅವನಿಗೆ ಏಡನ್ ಗೊತ್ತಿತ್ತು, ಸೂಯೆಜ್ ಗೊತ್ತಿತ್ತು, ಬಿಳಿಯರ ಟೇಬಲ್ಲಿನ ಮೇಲೆ ಯಾವ ಚಮಚ ಯಾವ ಕಡೆ ಇಡಬೇಕು ಅನ್ನುವುದೂ ಗೊತ್ತಿತ್ತು. ಹುಟ್ಟಿದ ಊರಿನ ರೀತಿ ಮಾತ್ರ ಮರೆತುಹೋಗಿತ್ತು. ಅದರಿಂದಾಗಿ ನನ್ನ ಮದುವೆ ಹೊಳೆಯ ದಡದಲ್ಲೇ ನಿಂತುಹೋಗುವುದರಲ್ಲಿತ್ತು.

ನಾಲ್ವಡಿ ಮಹಾರಾಜರ ಕಾಲ ಅದು. ನನ್ನ ತವರು ಸರಗೂರಿನ ಮಗ್ಗುಲ ಹಳ್ಳಿ, ಕಪಿಲೆಯ ಈಚೆ ದಡ. ಮಾದೇವನ ಊರು ಎದುರಿಗೇ, ಆಚೆ ದಡ. ಅವರ ಒಲೆಯ ಹೊಗೆ ನಮಗೆ ಕಾಣುತ್ತಿತ್ತು, ನಮ್ಮ ಜಗಳ ಅವರಿಗೆ ಕೇಳುತ್ತಿತ್ತು. ನಡುವೆ ದಾಟುವುದಕ್ಕೆ ಇದ್ದದ್ದು ಒಂದೇ ಹರಿಗೋಲು, ಅಂಬಿಗರ ಮಂಚಯ್ಯನದು. ಎರಡೂ ಊರಿನ ದನ, ಜನ, ಸಂತೆ ಮೂಟೆ, ಬಸುರಿ ಬಾಣಂತಿ ಎಲ್ಲರನ್ನೂ ದಾಟಿಸುತ್ತಿದ್ದವನು ಅವನೇ.

ಮಾದೇವ ಚಿಕ್ಕ ವಯಸ್ಸಿನಲ್ಲೇ ಹುಣಸೂರಿಗೆ ಹೋಗಿ ಒಬ್ಬ ಬಿಳಿ ದೊರೆಯ ಅಡುಗೆಮನೆ ಸೇರಿದ್ದ. ದೊರೆ ಕೊಡಗಿನ ಕಾಫಿ ತೋಟಕ್ಕೆ ಹೋದಾಗ ಅಲ್ಲಿಗೂ ಹೋದ. ದೊರೆ ತನ್ನ ಸೀಮೆಗೆ ಹೊರಟಾಗ ಪೆಟ್ಟಿಗೆ ಹೊತ್ತುಕೊಂಡು ಬೊಂಬಾಯಿಯವರೆಗೆ ಹೋಗಿ, ಅಲ್ಲೇ ಹಡಗಿನಲ್ಲಿ ಕೆಲಸ ಹಿಡಿದುಬಿಟ್ಟ. ಪ್ರಯಾಣಿಕರ ಕೋಣೆ ಗುಡಿಸುವುದು, ಹಾಸಿಗೆ ಹಾಸುವುದು, ಬೆಳಿಗ್ಗೆ ಟೀ ಕೊಡುವುದು. ವರ್ಷಗಳು ಕಳೆದ ಮೇಲೆ ಒಂದು ದಿನ, ಬಿಳಿ ಷರಾಯಿ ತೊಟ್ಟುಕೊಂಡು, ಮದುವೆಯಾಗಿ ಇಲ್ಲೇ ನಿಲ್ಲುತ್ತೇನೆ ಅಂತ ಅವ್ವನ ಮುಂದೆ ಬಂದು ನಿಂತ. ಅವನವ್ವ ರಾಚಮ್ಮ ಅತ್ತು ನಕ್ಕು, ಮಾರನೆಯ ದಿನವೇ ಹೊಳೆ ದಾಟಿ ನನ್ನ ಅಪ್ಪ ಸಣ್ಣಬೀರಯ್ಯನ ಹತ್ತಿರ ಹೆಣ್ಣು ಕೇಳಿಕೊಂಡು ಬಂದಳು.

ವೀಳ್ಯದ ಶಾಸ್ತ್ರದ ದಿನ ಅವನು ನಮ್ಮ ಜಗಲಿಯಲ್ಲಿ ಕೂತು ಹಡಗಿನ ಕಥೆ ಬಿಚ್ಚಿದ. ನಾನು ಬಾಗಿಲ ಹಿಂದಿನಿಂದ ಕೇಳುತ್ತಿದ್ದೆ.

"ಹಡಗು ದಡ ಮುಟ್ಟೋಕೆ ಮುಂಚಿನ ಸಾಯಂಕಾಲ ಭಕ್ಷೀಸು ಕೊಡಬೇಕು ಮಾವ. ಮೊದಲ್ನೇ ದಿನಾನೇ ಕೊಟ್ರೆ ಅದು ಲಂಚ ಇದ್ದಂಗೆ. ಮೇಜಿನ ಮ್ಯಾಲೆ ಎಸೆದು ಓಗಬಾರದು. ಕೈಗೇ ಇಡಬೇಕು, ಮೊಕ ನೋಡಬೇಕು, ಹೆಸ್ರು ಹಿಡ್ದು ಥ್ಯಾಂಕ್ಸ್ ಅನ್ನಬೇಕು. ಅದು ಮರ್ವಾದೆ."

"ಸಂಬಳ ಕೊಡಾಕಿಲ್ವಾ ಅಲ್ಲಿ?" ಅಂದ ಅಪ್ಪ.

"ಕೊಡ್ತಾರೆ. ಸಂಬಳ ಹೊಟ್ಟೆಗೆ, ಭಕ್ಷೀಸು ಮನಸ್ಸಿಗೆ. ಕೆಲವ್ರು ದೊಡ್ಡ ದೊಡ್ಡೋರು ಕೊನೇ ದಿನ ನಮ್ಮನ್ನ ಕಂಡ್ರೆ ಸಮುದ್ರ ನೋಡೋರಂಗೆ ತಿರುಗಿ ನಿಂತ್ಕತಾರೆ. ಕಾಸು ಓಯ್ತು ಅಂತಲ್ಲ ಮಾವ. ಅಷ್ಟು ದಿನ ಮಾಡುದ್ನಲ್ಲ, ನಾನೊಬ್ಬ ಇದ್ದೆ ಅಂತ್ಲೇ ಅವ್ರಿಗೆ ಗೊತ್ತಾಗ್ನಿಲ್ವಲ್ಲ ಅಂತ ಹೊಟ್ಟೆ ಉರೀತದೆ."

ಒಬ್ಬ ಯಜಮಾನ ಹಿಂದಿನ ಸಾಯಂಕಾಲ ಕೊಟ್ಟಿದ್ದನ್ನು ಬೆಳಿಗ್ಗೆ ಬಂದು, ಜಾಸ್ತಿಯಾಯಿತು ಅಂತ ವಾಪಸ್ ಕೇಳಿದನಂತೆ. ಹಡಗಿನ ಆಳುಗಳೆಲ್ಲ ಅವನು ಇಳಿದು ಹೋಗುವವರೆಗೂ ಬೆನ್ನ ಹಿಂದೆ ನಕ್ಕರಂತೆ. "ಕೊಟ್ಟ ಭಕ್ಷೀಸು ತಿರುಗಿ ಕೇಳೋನಿಗಿಂತ ಕೀಳು ಮನ್ಸ ಭೂಮಿ ಮ್ಯಾಲಿಲ್ಲ," ಅಂದ ಮಾದೇವ. ದುಡಿಯುವವರ ನೋವು ಬಲ್ಲ ಗಂಡಸು ಅಂತ ನನಗೆ ಬಹಳ ಹಿಡಿಸಿದ. ಷರಾಯಿಯೂ ಹಿಡಿಸಿತ್ತು, ಅದನ್ನೇಕೆ ಮುಚ್ಚಿಡಲಿ.

ಈಗ ನಮ್ಮ ಕಡೆಯ ರೀತಿ ಕೇಳಿ. ಕ್ಷೌರದವನು, ಅಗಸರವಳು, ಅಂಬಿಗ, ಇವರ್ಯಾರಿಗೂ ನಾವು ಕೆಲಸ ಮಾಡಿದ ಗಳಿಗೆಯಲ್ಲಿ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಶಿ ಮನೆಗೆ ಹೋಗುವ ಮುಂಚೆ ಅವರು ಕಣಕ್ಕೆ ಬರುತ್ತಿದ್ದರು. ಮೊರದಲ್ಲಿ ಅಳೆದು ಅವರವರ ಪಾಲಿನ ರಾಗಿ ಕೊಡುತ್ತಿದ್ದೆವು. ಅದಕ್ಕೆ ಆಯ ಅನ್ನುತ್ತಿದ್ದರು. ಆಯ ತಿನ್ನುವವರು ಅಂದರೆ ಮನೆಯವರೇ. ಮದುವೆಯಲ್ಲಿ ಅವರಿಗೆ ವೀಳ್ಯ, ಬಟ್ಟೆ, ಮೊದಲ ಪಂಕ್ತಿಯ ಊಟ, ಬೇಕಾದರೆ ಯಜಮಾನನನ್ನೇ ಬೈಯುವ ಹಕ್ಕು. ಯಾವುದಾದರೂ ಮನೆಯವರು ಮುನಿಸಿಕೊಂಡು ಅವರ ಕೈಗೆ ನಾಣ್ಯ ಇಟ್ಟರೋ, ಅಲ್ಲಿಗೆ ಮುಗಿಯಿತು. ನಿನಗೂ ನಮಗೂ ಇನ್ನು ಸಂಬಂಧವಿಲ್ಲ, ಸುಗ್ಗಿಗೆ ಕಣದ ಹತ್ತಿರ ಸುಳಿಯಬೇಡ ಅಂತ ಅದರ ಅರ್ಥ.

ನಮ್ಮ ಮಾದೇವ ಮಹಾಶಯ ಏನು ಮಾಡಿದ? ವೀಳ್ಯ ಮುಗಿಸಿ ಆಚೆ ದಡದಲ್ಲಿ ಇಳಿದವನೇ ಮಂಚಯ್ಯನ ಕೈಗೆ ನಾಲ್ಕಾಣೆಯ ಬೆಳ್ಳಿ ಪಾವಲಿ ಇಟ್ಟು, ಮುಖ ನೋಡಿ, ಬಾಗಿ, "ಥ್ಯಾಂಕ್ಸ್ ಮಂಚಣ್ಣ. ಹೊಳೆ ದಾಟಿದ ಮ್ಯಾಲೆ ಅಂಬಿಗನ ಹಂಗೇನು ಅನ್ನೋ ಪೈಕಿ ಅಲ್ಲ ನಾನು," ಅಂದ. ವೀಳ್ಯಕ್ಕೆಂದು ತನ್ನ ಗಡ್ಡ ಹೆರೆದಿದ್ದ ಕ್ಷೌರದ ಲಿಂಗಯ್ಯನನ್ನು ದಾರಿಯಲ್ಲಿ ನಿಲ್ಲಿಸಿ ಅವನಿಗೂ ಒಂದು ಪಾವಲಿ ಕೊಟ್ಟ. ಅವನ ಬಿಳಿ ಷರಾಯಿ ಒಗೆದು ತಂದಿದ್ದ ಅಗಸರ ಕೆಂಪಾಜಮ್ಮನಿಗೂ ಕೊಟ್ಟ. ಬಾಯಿ ತುಂಬ ನಗುತ್ತ, ತನಗೆ ಯಾರಾದರೂ ಕೊಡಲಿ ಎಂದು ಎಷ್ಟು ವರ್ಷ ಬಯಸಿದ್ದನೋ ಅಷ್ಟೇ ಮರ್ಯಾದೆಯಿಂದ ಕೊಟ್ಟ. ಮೂವರೂ ಬಾಯಿ ಬಿಡದೆ ಈಸಿಕೊಂಡು ಹೋದರು.

ಯಾಕಪ್ಪ ಹೀಗೆ ಮಾಡಿದೆ ಅಂತ ಒಬ್ಬರಾದರೂ ಕೇಳಬಾರದಿತ್ತೇ? ಕೇಳಲಿಲ್ಲ. ಕೇಳಿದರೆ ರಾಗಿಗಾಗಿ ಅಂಗಲಾಚಿದ ಹಾಗೆ ಆಗುತ್ತದಲ್ಲ. ಬಡವರ ಬಿಗುಮಾನದ ಮುಂದೆ ದಿವಾನರ ಬಿಗುಮಾನ ಯಾವ ಲೆಕ್ಕ? ಲಿಂಗಯ್ಯ ಅವರ ಬೀದಿಗೆ ಬರುವುದನ್ನೇ ಬಿಟ್ಟ. ಮಾದೇವ ಹಡಗಿನ ಕತ್ತಿಯಲ್ಲಿ ತಾನೇ ಗಡ್ಡ ಹೆರೆದುಕೊಳ್ಳುತ್ತಿದ್ದನಾದ್ದರಿಂದ ಅವನಿಗೆ ಅದು ತಿಳಿಯಲಿಲ್ಲ. ಕೆಂಪಾಜಮ್ಮ ಬಟ್ಟೆಗೆ ಬರಲಿಲ್ಲ. ರಾಚಮ್ಮ ಮಗ ಬಂದ ಸಡಗರದಲ್ಲಿ, ಬತ್ತಾಳೆ ಬುಡು ಅಂದುಕೊಂಡು ಚಪ್ಪರಕ್ಕೆ ಸೋಗೆ ಹೊರಿಸುತ್ತಿದ್ದಳು.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಮುಹೂರ್ತದ ಬೆಳಿಗ್ಗೆ ಅರಿಶಿನ ಹಚ್ಚಿಸಿಕೊಂಡು, ತಲೆ ತುಂಬ ಹೂ ಮುಡಿದು, ನೆಂಟರಿಷ್ಟರ ಸಮೇತ ಹೊಳೆಯ ದಡಕ್ಕೆ ಬಂದರೆ, ಹರಿಗೋಲು ಬೋರಲಾಗಿ ಮರಳ ಮೇಲೆ ಬಿದ್ದಿದೆ. ಮಂಚಯ್ಯ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆ.

"ಏನ್ಲಾ ಮಂಚ, ದಿಬ್ಬಣ ಬಂದದೆ, ಎತ್ಲಾ ಅರಗೋಲ," ಅಂದ ಅಪ್ಪ.

"ನಿನ್ ಮನೆ ಕೆಲ್ಸ ಯೋಳು ಬೀರಣ್ಣ, ಈಗ್ಲೇ ಮಾಡ್ತೀನಿ. ದಿಬ್ಬಣದ ಅರಗೋಲು ಚಪ್ರ ಆಕಿದ ಗಂಡಿನ್ ಮನೆ ಲೆಕ್ಕ. ಆ ಮನೇಗೂ ನಂಗೂ ಚುಕ್ತಾ ಆಗೋಗದೆ."

"ಯಾವಾಗ್ಲಾ ಚುಕ್ತಾ ಆಯ್ತು?"

ಮಂಚಯ್ಯ ಸೊಂಟದ ಗಂಟಿನಿಂದ ಪಾವಲಿ ತೆಗೆದು ತೋರಿಸಿದ. ಅದನ್ನು ಖರ್ಚು ಮಾಡಿರಲಿಲ್ಲ. ನಮ್ಮ ಕಡೆಯ ಹೆಂಗಸರು ಅಯ್ಯಯ್ಯೋ ಅಂದರು. ಅಪ್ಪನ ಮುಖ ಕಪ್ಪಿಟ್ಟಿತು. ಆಯ ಮುರಿದುಕೊಂಡ ಮನೆಗೆ ಹೆಣ್ಣು ಕೊಡುವುದು ಹೇಗೆ? ನಾಳೆ ನನ್ನ ಬಾಣಂತನಕ್ಕೆ ಹೊಳೆ ದಾಟಿಸುವವರಾರು, ಬಟ್ಟೆ ಒಗೆಯುವವರಾರು? ತಿರುಗಿ ಹೋಗೋಣ ಅಂತ ನನ್ನ ಸೋದರಮಾವ ಆಗಲೇ ಗಾಡಿಯ ಕಡೆ ಮುಖ ಮಾಡಿದ. ನನಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಅಷ್ಟರಲ್ಲಿ ಆಚೆ ದಡಕ್ಕೆ ಮಾದೇವ ಓಡಿ ಬಂದ. ಅರಿಶಿನದ ಪಂಚೆ ಉಟ್ಟಿದ್ದ, ಮುಖದ ತುಂಬ ನಾಲ್ಕು ದಿನದ ಗಡ್ಡ. ಚಪ್ಪರ ಹಾಕಿದ ಮೇಲೆ ಮದುಮಗ ತಾನೇ ಕ್ಷೌರ ಮಾಡಿಕೊಳ್ಳುವಂತಿಲ್ಲ, ಲಿಂಗಯ್ಯನೇ ಮಾಡಬೇಕು, ಲಿಂಗಯ್ಯ ಬರಲೊಲ್ಲ. ಹಿಂದೆಯೇ ಅವನ ಊರೆಲ್ಲ ಬಂದು ದಡದಲ್ಲಿ ನಿಂತಿತು. ಲಿಂಗಯ್ಯ, ಕೆಂಪಾಜಮ್ಮ ಇಬ್ಬರೂ ಆ ಗುಂಪಿನಲ್ಲೇ ಇದ್ದರು. ಕೋಪ ಎಷ್ಟಿದ್ದರೂ ಇಂಥದ್ದನ್ನು ನೋಡದೆ ಇರುವುದಕ್ಕೆ ಆಗುತ್ತದೆಯೇ?

"ಮಂಚಣ್ಣಾ!" ಅಂತ ಕೂಗಿದ ಮಾದೇವ. "ಕಮ್ಮಿ ಆಯ್ತೇನಣ್ಣ? ಒಂದು ರೂಪಾಯಿ ಕೊಡ್ತೀನಿ! ಎಲ್ರಿಗೂ ಕೊಡ್ತೀನಿ!"

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ. "ಕೇಳುದ್ರಾ? ಒಂದ್ಸಲ ಒದ್ದಿದ್ದು ಸಾಲ್ದಂತೆ," ಅಂತ ಮಂಚಯ್ಯ ಇನ್ನೊಂದು ಬೀಡಿ ಹಚ್ಚಿದ.

ಆಗ ನನಗೆ ಎಲ್ಲ ಹೊಳೆಯಿತು. ಜಗಲಿಯಲ್ಲಿ ಕೂತು ಅವನು ಆಡಿದ ಮಾತುಗಳನ್ನು ನಾನು ಮರೆತಿರಲಿಲ್ಲ. ಮದುಮಗಳು ತಲೆ ಎತ್ತಬಾರದು ಅನ್ನುತ್ತಾರೆ; ನಾನು ತಲೆಯನ್ನೂ ಎತ್ತಿದೆ, ದನಿಯನ್ನೂ ಎತ್ತಿದೆ. "ಮಂಚಣ್ಣ, ಆತ ಕಾಲಲ್ಲಿ ಒದ್ದಿದ್ದಲ್ಲ ಕಣಣ್ಣ. ಅಲ್ಲಿ ಅಂಗೇ ಕೊಡೋದಂತೆ, ಅದೇ ಮರ್ವಾದೆಯಂತೆ," ಅಂತ ಹಡಗಿನ ರೀತಿಯನ್ನೆಲ್ಲ ಹೇಳಿದೆ.

ಮಂಚಯ್ಯ ಕೇಳಿಸಿಕೊಂಡ. ಅವನ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಎದ್ದೇಳಲಿಲ್ಲ. "ಇರಬೋದು ಕಣವ್ವ. ಅಲ್ಲೀದು ಅಲ್ಲಿಗೆ. ಇಲ್ಲಿ ಕೊಟ್ಟ ಮ್ಯಾಲೆ ಇಲ್ಲೀ ರೀತಿ. ಕೂಡಿಕೊಳ್ಳೋ ಮನ್ಸಿದ್ರೆ ಏನ್ ಮಾಡ್ಬೇಕು ಅಂತ ನಿಮ್ಮಪ್ಪಂಗೆ ಗೊತ್ತು."

ಅಪ್ಪನಿಗೆ ಗೊತ್ತಿತ್ತು. ಮುರಿದ ಆಯ ಕೂಡಬೇಕಾದರೆ, ಕಾಸು ಕೊಟ್ಟವನು ನಾಲ್ಕು ಜನರ ಮುಂದೆ ಕೈಯೊಡ್ಡಿ ಅದನ್ನು ತಿರುಗಿ ಬೇಡಬೇಕು. ನಮ್ಮ ಕಾಸು ನಮಗೆ ಕೊಡು, ನಿನ್ನ ಆಯ ನಿನಗಿರಲಿ ಅನ್ನಬೇಕು. ಅಪ್ಪ ಎರಡೂ ಕೈ ಬಾಯಿಗೆ ಹಿಡಿದು ಅದನ್ನೇ ಕೂಗಿದ: "ಮಾದೇವಾ, ಕೊಟ್ಟ ಕಾಸ ವಾಪಸ್ ಕೇಳ್ಲಾ!"

ಮಾದೇವ ಎರಡೂ ಕೈ ಅಲ್ಲಾಡಿಸಿದ. "ಆಗಾಕಿಲ್ಲ ಮಾವ!" ಅಂದ. "ಬೇರೆ ಏನಾದ್ರೂ ಯೋಳಿ. ಕಾಲಿಗೆ ಬೀಳ್ತೀನಿ. ಅದೊಂದ್ ಬ್ಯಾಡ!"

ಈಚೆ ದಡದವರಿಗೆ ಆಶ್ಚರ್ಯವಾಯಿತು. ಕಾಲಿಗೆ ಬೀಳಲು ಸಿದ್ಧನಿರುವವನಿಗೆ ಕೈಯೊಡ್ಡುವುದು ಏನು ಕಷ್ಟ? ಅದು ಎಂಥ ಕಷ್ಟವೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಭೂಮಿಯ ಮೇಲಿನ ಅತಿ ಕೀಳು ಮನುಷ್ಯನಾಗು ಅಂತ ಅವನನ್ನು ಕೇಳುತ್ತಿದ್ದೆವು, ಅದೂ ಮದುವೆಯ ದಿನ, ಎರಡೂರ ಮುಂದೆ. ಆದರೆ ಹೊತ್ತು ಏರುತ್ತಿತ್ತು, ಸೋದರಮಾವ ಎತ್ತುಗಳಿಗೆ ನೊಗ ಕಟ್ಟುತ್ತಿದ್ದ.

"ಮಾದೇವಾ!" ಅಂತ ಕೂಗಿದೆ. ತಾಳಿ ಕಟ್ಟುವ ಮುಂಚೆಯೇ ಗಂಡನ ಹೆಸರು ಹಿಡಿದು ಕೂಗಿದ ಹೆಣ್ಣು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. "ಇದು ಹಡಗಲ್ಲ ಕಣೋ! ಇಲ್ಲಿ ಯಾರೂ ಇಳಿದೋಗಾಕಿಲ್ಲ! ಕೇಳು!"

ಅವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ನೀರಿಗಿಳಿದ. ಅರಿಶಿನದ ಪಂಚೆ ಮೊಣಕಾಲವರೆಗೆ ನೆನೆಯಿತು. ಬಲಗೈ ಮುಂದೆ ಚಾಚಿದ.

"ಮಂಚಣ್ಣ," ಅಂದ ಕೊನೆಗೆ, "ನನ್ ಕಾಸು ನಂಗ್ ಕೊಡಣ್ಣ. ನಿನ್ ಆಯ ನಿಂಗಿರ್ಲಿ."

ಯಾರೂ ನಗಲಿಲ್ಲ. ನಗುತ್ತಾರೆ ಅಂತ ಅವನು ಕಣ್ಣು ಮುಚ್ಚಿಕೊಂಡಿದ್ದ. ಕೆಂಪಾಜಮ್ಮ ಸೊರ್ ಅಂತ ಮೂಗು ಸೀಟಿದಳು. ಲಿಂಗಯ್ಯ ಗುಂಪಿನಿಂದ ಹೊರಬಂದು, "ನಂದೂ ಕೇಳ್ಲಾ, ಅಂಗೇ ಬುಟ್ಬುಟ್ಟೀಯೆ," ಅಂದ. ಅವನದನ್ನೂ ಕೇಳಿದ, ಕೆಂಪಾಜಮ್ಮನದನ್ನೂ ಕೇಳಿದ. ಲಿಂಗಯ್ಯ ಪಾವಲಿಯನ್ನು ಅವನ ಅಂಗೈಗೆ ಕುಕ್ಕಿ, ಅದೇ ಕೈ ಹಿಡಿದು ದಡಕ್ಕೆ ಎಳೆದು, ಕಲ್ಲಿನ ಮೇಲೆ ಕೂರಿಸಿ ಕತ್ತಿ ಮಸೆಯತೊಡಗಿದ. ಬೈಗುಳ ಮಾತ್ರ ಕ್ಷೌರ ಮುಗಿಯುವವರೆಗೂ ನಡೆಯಿತು.

ಇತ್ತ ಮಂಚಯ್ಯ ಬೀಡಿ ಎಸೆದು ಎದ್ದ. "ಈ ಕಾಸ ಅವನ್ ಕೈಗೇ ಕೊಡ್ಬೇಕು. ಕೊಡಾಕೆ ಆಚೆಗೆ ಓಗ್ಲೇಬೇಕಲ್ಲಪ್ಪ," ಅಂತ ಗೊಣಗುತ್ತ ಹರಿಗೋಲನ್ನು ನೀರಿಗೆ ಉರುಳಿಸಿದ. "ನೋಡ್ತಾ ನಿಂತಿದ್ದೀಯಲ್ಲವ್ವ, ಅರಗೋಲ ಅತ್ತು. ದಾರೀಲಿ ನಿನ್ನೂ ಬುಟ್ಟೋಗ್ತೀನಿ."

ಮದುವೆ ಆಯಿತು. ಮುಹೂರ್ತ ಕೊಂಚ ಮೀರಿತ್ತು, ಪುರೋಹಿತರು ಮೀರಿಲ್ಲ ಅಂದರು. ಮೊದಲ ಪಂಕ್ತಿಯಲ್ಲಿ ಮಂಚಯ್ಯ, ಲಿಂಗಯ್ಯ, ಕೆಂಪಾಜಮ್ಮ ಕೂತು, ಪಾಯಸ ನೀರಾಗಿದೆ ಅಂತ ರಾಚಮ್ಮನನ್ನು ಬೈದರು. ಬೈಸಿಕೊಂಡು ನನ್ನ ಅತ್ತೆಗೆ ಜೀವ ಬಂದ ಹಾಗಾಯಿತು.

ಇಳಿಹೊತ್ತಿಗೆ ಅಪ್ಪ ಅವ್ವನನ್ನು ಬೀಳ್ಕೊಡಲು ನಾವಿಬ್ಬರೂ ದಡಕ್ಕೆ ಬಂದೆವು. ಮಂಚಯ್ಯ ಹುಟ್ಟು ಹಾಕಿ ನಡುಹೊಳೆಗೆ ಹೋಗುತ್ತಿದ್ದ. ಮಾದೇವ ಅವನನ್ನೇ ನೋಡುತ್ತಿದ್ದ.

"ಅಷ್ಟು ವರ್ಷ ನನ್ ಕೈಗೆ ಕಾಸಿಟ್ಟೋರೆಲ್ಲ ಚೆನ್ನಾಗಿ ನಕ್ಕೊಂಡೇ ಇಟ್ರು ಕಣೆ," ಅಂದ. "ನಾನೂ ಬೋ ಸಂತೋಸ ಪಟ್ಟೆ. ಅವ್ರಲ್ಲಿ ಒಬ್ರೂ ಮತ್ತೆ ಸಿಗ್ನಿಲ್ಲ."

ಅಷ್ಟರಲ್ಲಿ ಹೊಳೆಯ ನಡುವಿನಿಂದ ಮಂಚಯ್ಯನ ಕೂಗು ಬಂತು.

"ಲೋ ಮಾದೇವಾ! ಸುಗ್ಗೀಲಿ ಕಣಕ್ಕೆ ಬತ್ತೀನಿ ಕಣ್ಲಾ! ದೊಡ್ ಮೊರ ಮಡಗಿರು! ನಿಮ್ಮವ್ವನ್ ಸಣ್ ಮೊರ ನಂಗ್ ಬ್ಯಾಡ!"

"ಬಾರಣ್ಣ!" ಅಂತ ಮಾದೇವ ಕೂಗಿದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ತುಂಬ ನಗು ಇತ್ತು. "ತಪ್ಪದೆ ಬಾರಣ್ಣ, ಪ್ರತಿ ವರ್ಷ ಬಾ!"