ಎಡಗಡೆ ನಿಂತವಳು

ಸತ್ತ ಗಂಡ ರಂಗದ ಮೇಲೆ ಎದ್ದು ಓಡಾಡುವುದನ್ನು ನೋಡಲು ಯಾವ ಹೆಂಡತಿಗೆ ತಾನೇ ಆಸೆಯಿರುವುದಿಲ್ಲ? ಹಕ್ಕಿಗಳ ಬಗ್ಗೆ ಬರೆದು ಹೆಸರು ಮಾಡಿದ ಲೇಖಕರ ಬದುಕನ್ನು ಒಬ್ಬನೇ ನಟ ಆಡಿ ತೋರಿಸುತ್ತಾನೆಂದು ತಿಳಿದಾಗ ಅವರ ಹೆಂಡತಿಗೆ ಖುಷಿಯೋ ಖುಷಿ. ಮನೆಯಲ್ಲಿದ್ದ ಫೋಟೊಗಳನ್ನೆಲ್ಲ ಆಕೆ ನಾಟಕದವರಿಗೆ ಬಾಚಿ ಕೊಟ್ಟಳು.

ಮೊದಲ ಪ್ರದರ್ಶನದ ದಿನ ಮುಂದಿನ ಸಾಲಿನಲ್ಲೇ ಕೂತಳು. ಟೊಪ್ಪಿ, ಬಗ್ಗಿದ ಬೆನ್ನು, ಎಲ್ಲ ಅವರದೇ. ನಟ ಕೆರೆಯ ಅಂಚಿನಲ್ಲಿ ನಿಂತವನಂತೆ ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣುಮುಚ್ಚಿ, ಹಕ್ಕಿಯ ದನಿಗೆ ಕಿವಿಗೊಟ್ಟ. ಜನ ಮೈಮರೆತರು. ಆಕೆಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಟ ನೋಡಿ ಕಲಿತ ಫೋಟೊದಲ್ಲಿ ಆ ತಲೆ ವಾಲಿದ್ದು ಹಕ್ಕಿಯ ಕಡೆಗಲ್ಲ, ಪಕ್ಕದಲ್ಲಿ ನಿಂತಿದ್ದ ತನ್ನ ಕಡೆಗೆ! ಫೋಟೊ ತೆಗೆದ ಮಹಾಶಯ ಆಕೆಯನ್ನು ಚೌಕಟ್ಟಿನ ಆಚೆಗೆ ಬಿಟ್ಟಿದ್ದ, ಅಷ್ಟೇ.

ಮದುವೆಯಾದ ಕೆಲವೇ ವರ್ಷಗಳಲ್ಲಿ ಲೇಖಕರ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಹತ್ತಿರದ ಮಾತು ಕೇಳುತ್ತಿತ್ತೇ ಹೊರತು ಹಕ್ಕಿಗಳ ಸಣ್ಣ ದನಿ ಕೇಳುತ್ತಿರಲಿಲ್ಲ. ಆಕೆ ಎಡಗಡೆ ನಿಂತು, ಈಗ ಎರಡು ಸಲ ಸಿಳ್ಳೆ ಹಾಕಿತು, ಈಗ ದನಿ ಇಳಿಸಿತು, ಎಂದು ಹೇಳುತ್ತಿದ್ದಳು. ಅವರು ಬರೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಮಾತ್ರ ಎಲ್ಲವನ್ನೂ ಅವರೇ ಕೇಳಿದ್ದರು.

"ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಕಿವುಡ ಹಕ್ಕಿ ಹಾಡಿನ ಬಗ್ಗೆ ಬರೀತಾನೆ ಅಂತ ನಗ್ತಾರೆ," ಎಂದಿದ್ದರು. ಅವರು ಸತ್ತ ಮೇಲೂ ಆಕೆ ಬಾಯಿ ಬಿಟ್ಟಿರಲಿಲ್ಲ.

ನಾಟಕ ಮುಗಿದ ಆ ದಿನ ಬಾಯಿ ಬಿಟ್ಟಳು. ಬಣ್ಣದ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮುಖ ಒರೆಸಿಕೊಳ್ಳುತ್ತಿದ್ದ ನಟ ಕೈಯ ಬಟ್ಟೆ ಕೆಳಗಿಟ್ಟ.

"ಅಯ್ಯೋ ಅಮ್ಮಾ, ಇಂಥ ವಿಷಯ ಇಟ್ಕೊಂಡು ಸುಮ್ನಿದ್ರಲ್ಲ! ನಾಟಕದ ಜೀವಾನೇ ಇದು," ಎಂದ ಅಲ್ಲೇ ಇದ್ದ ನಿರ್ದೇಶಕ.

"ಹಾಗಾದ್ರೆ ನನ್ನನ್ನೂ ಸೇರಿಸ್ತೀರಾ?"

"ನೀವಿಲ್ದೆ ಆಗುತ್ತಾ ಅಮ್ಮಾ?"

ಗಂಡನಿಗೆ ಕೊಟ್ಟ ಮಾತಿಗೆ ತಪ್ಪಿದ್ದೇನೋ ನಿಜ. ಆದರೂ ನಟನ ಎಡಗಡೆಯ ಆ ಖಾಲಿ ಜಾಗದಲ್ಲಿ ತನ್ನ ಹೆಸರಲ್ಲಿ ಒಬ್ಬಳು ಬಂದು ನಿಲ್ಲುತ್ತಾಳಲ್ಲ, ಅಷ್ಟು ಸಾಕು ಎಂದುಕೊಂಡಳು.

ಮುಂದಿನ ಪ್ರದರ್ಶನಕ್ಕೆ ತಂಗಿಯನ್ನೂ ಎಳೆದುಕೊಂಡು ಹೋದಳು.

"ನಿನ್ನಷ್ಟು ಉದ್ದ ಮೂಗಿನೋಳು ಎಲ್ಲಿ ಸಿಕ್ಕಿದಳೋ ಅವರಿಗೆ," ಎಂದು ತಂಗಿ ದಾರಿಯುದ್ದಕ್ಕೂ ರೇಗಿಸಿದಳು.

ನಟ ಅದೇ ಜಾಗದಲ್ಲಿ, ಒಬ್ಬನೇ ನಿಂತ. ಎರಡೂ ಕಿವಿ ಮುಚ್ಚಿಕೊಂಡ. "ನನಗೆ ಕಿವಿ ಕೇಳುವುದಿಲ್ಲ! ಆದರೂ ಪ್ರತಿಯೊಂದು ಹಕ್ಕಿಯೂ ನನ್ನ ಎದೆಯೊಳಗೆ ಹಾಡುತ್ತದೆ!" ಎಂದು ಕೂಗಿದ. ಜನ ಕಣ್ಣೊರೆಸಿಕೊಂಡು, ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೀನೆಲ್ಲಿ ಅಕ್ಕ?" ಎಂದಳು ತಂಗಿ.

ಆಕೆ ನಿರ್ದೇಶಕನನ್ನು ಹಿಡಿದು ನಿಲ್ಲಿಸಿ ಅದನ್ನೇ ಕೇಳಿದಳು.

"ಒಬ್ಬನೇ ಆಡೋ ನಾಟಕ ಅಲ್ವಾ ಅಮ್ಮಾ. ಪಕ್ಕದಲ್ಲಿ ಇನ್ನೊಬ್ಬರು ಬಂದ್ರೆ ಲೇಖಕರ ಒಂಟಿತನವೇ ಹೋಗಿಬಿಡುತ್ತೆ," ಎಂದು ಅವನು ಸಲೀಸಾಗಿ ಜಾರಿಕೊಂಡ.

ಅವರ ಗುಟ್ಟನ್ನು ತಾನೇ ಕೈಯಾರೆ ಬೀದಿಗೆ ಹಾಕಿದ್ದಾಯಿತು. ಈಗ ಯಾರನ್ನು ಬೈಯುವುದು? ಬಾಗಿಲ ಬಳಿ ಪರಿಚಯವಿಲ್ಲದ ಹೆಂಗಸೊಬ್ಬಳು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು. ಅವಳ ಕೆನ್ನೆ ಇನ್ನೂ ಒದ್ದೆಯಾಗಿತ್ತು.

"ಅದು ಹೇಗೆ ಬಾಳಿದ್ರೋ ತಾಯಿ! ನಿಮ್ಮ ಒಂದು ಮಾತೂ ಅವರ ಕಿವಿಗೆ ಬೀಳ್ತಿರಲಿಲ್ವಲ್ಲ!"

ಆಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ನಟನ ಕೈಕುಲುಕಲು ಓಡಿದಳು.